ಭಾವನಿಗೆ ಎಷ್ಟು ವೋಲ್ಟು?

ನಮ್ಮ ಜನಕ್ಕೆ ಕರೆಂಟಿನ ವಿಷಯದಲ್ಲಿ ಇರುವಷ್ಟು ಅನುಮಾನ ದೇವರ ವಿಷಯದಲ್ಲೂ ಇಲ್ಲ. ಊರಲ್ಲಿ ಫ್ರಿಜ್ಜಿಗೊಂದು ಸ್ಟೆಬಿಲೈಸರ್, ಟೀವಿಗೊಂದು ಸ್ಟೆಬಿಲೈಸರ್ ಇಟ್ಟುಕೊಂಡು ಬೆಳೆದವರು ನಾವು. ನ್ಯೂಜೆರ್ಸಿಗೆ ಬಂದು ಎಷ್ಟು ವರ್ಷವಾದರೂ ಗೋಡೆಯ ಪ್ಲಗ್ಗನ್ನು ಪೂರ್ತಿ ನಂಬುವುದಿಲ್ಲ. ಅದಕ್ಕೇ ಇರಬೇಕು, 'ವೋಲ್ಟೇಜ್' ಅಂತ ಬರೆದ ಸಾಮಾನೊಂದನ್ನು ನಾನು ಮಾರಲು ನಿಂತ ದಿನದಿಂದ ನನ್ನ ಸುತ್ತ ಏನಾದರೊಂದು ನಡೆಯುತ್ತಲೇ ಇತ್ತು. ನಾನಾಗಿ ಹುಡುಕಿಕೊಂಡು ಹೋದವನಲ್ಲ. ಅವೇ ಬಂದು ನನ್ನ ಕೌಂಟರಿಗೆ ಮೊಣಕೈ ಊರಿ ನಿಲ್ಲುತ್ತಿದ್ದವು.

ಓದಿದ್ದು ಉಪಯೋಗಕ್ಕೆ ಬಂತು

ಮೈಸೂರಿನಲ್ಲಿ ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಆಮೇಲೆ ಮನೆಯಲ್ಲಿ ಬಲ್ಬು ಬದಲಾಯಿಸಿದ್ದು ಬಿಟ್ಟರೆ ಆ ವಿದ್ಯೆಗೂ ನನಗೂ ಸಂಬಂಧವೇ ಇರಲಿಲ್ಲ. ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರಿನ ಹಳೇ ಪ್ರೋಗ್ರಾಮುಗಳಿಗೆ ತೇಪೆ ಹಾಕಿಕೊಂಡು ಆರಾಮಾಗಿದ್ದೆ. ಬ್ಯಾಂಕುಗಳೆಲ್ಲ ಮುಗ್ಗರಿಸಿ ಬಿದ್ದಾಗ ನಮ್ಮ ಫ್ಲೋರಿಗೆ ಫ್ಲೋರೇ ಕೆಲಸ ಕಳೆದುಕೊಂಡು, ಒಂದೊಂದು ರಟ್ಟಿನ ಡಬ್ಬ ಹಿಡಿದುಕೊಂಡು ಲಿಫ್ಟಿನಲ್ಲಿ ಕೆಳಗಿಳಿಯಿತು. ಆ ಸಾಲಿನಲ್ಲಿ ನಾನೂ ಇದ್ದೆ.

ನಾವಿದ್ದ ವುಡ್‌ಬ್ರಿಡ್ಜಿನ ಮಾಲ್ ಒಂದರಲ್ಲಿ ಗೆಳೆಯನೊಬ್ಬ ಸೆಲ್‌ಫೋನ್ ಕವರು, ಚಾರ್ಜರು ಮಾರುವ ಕೌಂಟರ್ ಇಟ್ಟಿದ್ದ. "ಸುಮ್ನೆ ಮನೇಲಿ ಕೂತ್ರೆ ತಲೆ ಕೆಡುತ್ತೆ, ಬಂದು ನಿಂತ್ಕೋ" ಅಂದ. ಕೆಲಸ ಸಿಗುವ ತನಕ ಅಂತ ಹೋದವನು ಅಲ್ಲೇ ಬೇರುಬಿಟ್ಟೆ. ಅವನು ಆಗಷ್ಟೇ ಎಲೆಕ್ಟ್ರಾನಿಕ್ ಸಿಗರೇಟು ತರಿಸಲು ಶುರುಮಾಡಿದ್ದ. ಅದರಲ್ಲಿ ಬೆಂಕಿಯಿಲ್ಲ, ಬೂದಿಯಿಲ್ಲ. ಬ್ಯಾಟರಿಯಿಂದ ಒಂದು ಸುರುಳಿ ತಂತಿ ಕಾಯುತ್ತದೆ, ಅದಕ್ಕೆ ತಾಗಿದ ದ್ರವ ಆವಿಯಾಗುತ್ತದೆ, ಆ ಆವಿಯನ್ನು ಎಳೆಯುವುದು. ವೋಲ್ಟು ಹೆಚ್ಚಾದಷ್ಟೂ ತಂತಿ ಹೆಚ್ಚು ಕಾಯುತ್ತದೆ, ಹೊಗೆ ಹೆಚ್ಚು ಬರುತ್ತದೆ. ಇಷ್ಟೇ ವಿದ್ಯೆ. ಇಷ್ಟಕ್ಕೇ ಗೆಳೆಯ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಡೌಟ್ ಇದ್ರೆ ಇವ್ರನ್ನ ಕೇಳಿ, ಎಲೆಕ್ಟ್ರಿಕಲ್ ಇಂಜಿನಿಯರು" ಅನ್ನುತ್ತಿದ್ದ. ಕೂದಲು ನರೆತ ಮೇಲೆ ಡಿಗ್ರಿಗೆ ಮರ್ಯಾದೆ ಬಂದಿತ್ತು.

ಮೊದಲು ಡೌಟ್ ತಂದವರು ಹುಬ್ಬಳ್ಳಿ ಕಡೆಯ ಒಬ್ಬ ಆಂಟಿ. ಗಂಡನಿಗೆ ಕೊಡಿಸಲು ಬಂದಿದ್ದರು. ಒಂದನ್ನು ಎರಡು ಬೆರಳಲ್ಲಿ ಹಲ್ಲಿಯ ಬಾಲ ಹಿಡಿದ ಹಾಗೆ ಹಿಡಿದು ಕೇಳಿದರು, "ಇದರಾಗ ಕರೆಂಟ್ ಐತೇನ್ರಿ?"

"ಬ್ಯಾಟರಿ ಇದೆ ಆಂಟಿ."

"ಬಾಯಾಗ ಇಟ್ಕೊಂಡ್ರ ಶಾಕ್ ಹೊಡಿತೈತೇನು?"

"ಛೆ ಛೆ, ಇಲ್ಲ ಆಂಟಿ. ಮೂರೂಮುಕ್ಕಾಲು ವೋಲ್ಟು ಅಷ್ಟೆ. ಮಕ್ಕಳ ಆಟದ ಸಾಮಾನಿನ ಬ್ಯಾಟರಿ ಇದ್ದ ಹಾಗೆ. ಏನೂ ಆಗಲ್ಲ, ಧೈರ್ಯವಾಗಿ ಕೊಡಿ."

ಆಂಟಿಯ ಮುಖ ಸಪ್ಪಗಾಯಿತು. ಅದನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟರು.

"ಸ್ವಲ್ಪನೂ ಹೊಡಿಯೂದಿಲ್ಲೇನು? ಹಂಗಾರ ಅವರು ಸಿಗರೇಟ್ ಬಿಡೂದು ಹ್ಯಾಂಗ್ರಿ? ಸಣ್ಣಗ ಶಾಕ್ ಹೊಡಿಯೂದು ಯಾವುದರ ಇದ್ರ ತೋರಸ್ರಿ."

ಮಗಳ ಕಾನೂನು

ಈಗ ನನ್ನ ಭಾವನ ವಿಷಯಕ್ಕೆ ಬರಬೇಕು. ಈ ಕಥೆಯೆಲ್ಲ ಅವರದೇ.

ಭಾವ ಅಂದರೆ ನನ್ನ ಅಕ್ಕನ ಗಂಡ. ವುಡ್‌ಬ್ರಿಡ್ಜಿನಲ್ಲೇ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಅವರೂ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುತ್ತಿದ್ದವರು. ಜನರ ಮನೆಸಾಲಗಳನ್ನೆಲ್ಲ ಗಂಟು ಕಟ್ಟಿ ಬಾಂಡು ಅಂತ ಮಾರುವ ಕಂಪನಿಯೊಂದರಲ್ಲಿ ಆ ಬಾಂಡುಗಳ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಪ್ರತಿಯೊಂದರ ಮೇಲೂ 'ಟ್ರಿಪಲ್ ಎ' ಅಂತ ಬರೆದಿರುತ್ತಿತ್ತಂತೆ. ಅಂದರೆ ಅಪ್ಪಟ, ಕಣ್ಣು ಮುಚ್ಚಿಕೊಂಡು ನಂಬಿ ಅಂತ. ನಂಬಿದವರೆಲ್ಲ ಮುಳುಗಿದರು, ಕಂಪನಿ ಮುಳುಗಿತು, ಭಾವ ಮನೆಗೆ ಬಂದರು. ಮೊದಲೇ ಸಿಗರೇಟಿನ ಚಟ. ಈಗ ಗ್ಯಾರೇಜಿನಲ್ಲಿ ಒಂದು ಫೋಲ್ಡಿಂಗ್ ಕುರ್ಚಿ ಹಾಕಿಕೊಂಡು, ದಪ್ಪ ಜಾಕೆಟ್ ತೊಟ್ಟು, ಬೆಳಿಗ್ಗೆಯಿಂದ ಸಂಜೆವರೆಗೆ ಸೇದುವುದೇ ಉದ್ಯೋಗವಾಯಿತು. ಅಕ್ಕ ಕ್ರ್ಯಾನ್‌ಬರಿಯ ಔಷಧ ಕಂಪನಿಯ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೋಗಿ ಬರುತ್ತಾ ಮನೆ ನಡೆಸುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು. ಕಾರಿನಲ್ಲಿ ಒಂದೂವರೆ ಗಂಟೆ ದೂರದ ಹಿಕ್ಸ್‌ವಿಲ್ಲಿನಲ್ಲಿ ಸಂಸಾರ. ಅವಳು ಐದು ತಿಂಗಳ ಬಸುರಿಯಾಗಿದ್ದಾಗ ಒಂದು ಭಾನುವಾರ ಫೋನ್ ಬಂತು. ಅಕ್ಕ ಹುರುಳಿಕಾಯಿ ಹೆಚ್ಚುತ್ತಿದ್ದವಳು ಸ್ಪೀಕರ್ ಹಾಕಿದಳು. ನಾನೂ ಅಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದೆ.

"ಡ್ಯಾಡ್, ಐ ಲವ್ ಯೂ," ಅಂತ ಶುರುಮಾಡಿದಳು. ಆ ಹುಡುಗಿ ಹಾಗೆ ಶುರುಮಾಡಿದರೆ ಏನೋ ಕಾದಿದೆ ಅಂತಲೇ ಅರ್ಥ. "ಬಟ್ ನೋ ಸ್ಮೋಕರ್ ಈಸ್ ಹೋಲ್ಡಿಂಗ್ ಮೈ ಬೇಬಿ."

ಸೇದುವವರ ಕೈಗೆ ಮಗು ಕೊಡುವುದಿಲ್ಲ ಅಂತ ಕಾನೂನು.

"ಸೋಪ್ ಹಾಕಿ ಕೈ ತೊಳ್ಕೊಂಡು ಎತ್ಕೋತೀನಮ್ಮ," ಅಂದರು ಭಾವ.

"ನೋ."

"ಶರ್ಟೂ ಬದಲಾಯಿಸ್ತೀನಿ."

"ನೋ, ಡ್ಯಾಡ್."

"ಹೋಗ್ಲಿ, ದೂರದಿಂದ ನೋಡಬಹುದು ತಾನೇ?"

"ಶೂರ್. ಫ್ರಮ್ ದಿ ಡ್ರೈವ್‌ವೇ."

ಅಕ್ಕ ಹುರುಳಿಕಾಯಿಯಿಂದ ತಲೆ ಎತ್ತದೆ, "ಒಂದು ಕುರ್ಚಿ ಹಾಕ್ಕೊಡ್ತಾಳೆ ಬಿಡಿ. ಹೊರಗಡೆ ಕೂತು ನಿಮಗೇನು ಅಭ್ಯಾಸ ಇಲ್ವೆ?" ಅಂದಳು.

ಭಾವ ಎದ್ದು ಗ್ಯಾರೇಜಿಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಸಿಗರೇಟು ಬೆರಳಲ್ಲಿತ್ತು, ಹಚ್ಚಿರಲಿಲ್ಲ.

"ಕೆಲಸ ಹೋದ ದಿನಾನೂ ನಂಗೆ ಇಷ್ಟು ಹೆದರಿಕೆ ಆಗ್ಲಿಲ್ಲ ಕಣೋ," ಅಂದರು. "ಇವಳು ಹುಟ್ಟಿದಾಗ ನಾನು ಆಫೀಸು ಆಫೀಸು ಅಂತ ಓಡಾಡ್ತಿದ್ದೆ. ಮನೆಗೆ ಬರೋ ಹೊತ್ತಿಗೆ ಮಲಗಿಬಿಟ್ಟಿರೋಳು. ಈಗ ಕೈ ಖಾಲಿ ಇದೆ, ಮೊಮ್ಮಗು ಬರ್ತಿದೆ. ನಾನು ಕೈ ಕಟ್ಕೊಂಡು ಡ್ರೈವ್‌ವೇಲಿ ನಿಲ್ಲೋದಾ?"

ಭಾವನೊಂದಿಗೆ ನಾನು ತಮಾಷೆ ಮಾಡಿಯೇ ಗೊತ್ತು, ಸಮಾಧಾನ ಮಾಡಿ ಗೊತ್ತಿಲ್ಲ. ಅವರೇ ಆಚೀಚೆ ನೋಡಿ ದನಿ ತಗ್ಗಿಸಿದರು.

"ನಿನ್ನ ಅಂಗಡೀಲಿ ಅದೇನೋ ಕರೆಂಟ್ ಸಿಗರೇಟ್ ಇದೆಯಂತಲ್ಲ, ಒಂದು ತಂದ್ಕೊಡು. ನಿಮ್ಮಕ್ಕನಿಗೆ ಹೇಳ್ಬೇಡ."

ಒಳಗಿನಿಂದ ಅಕ್ಕನ ದನಿ ಬಂತು: "ಅದನ್ನ ಮಾತಾಡು ಅಂತಾನೇ ಅವನನ್ನ ಕಳಿಸಿದ್ದು ರೀ!"

ದವಡೆ ನೋವು

ಮೊದಲು ನಾನು ಕೊಟ್ಟಿದ್ದು ತೀರಾ ಸಾಧಾರಣದ್ದು. ನೋಡಲು ಸಿಗರೇಟಿನ ಹಾಗೇ ಬೆಳ್ಳಗೆ, ತೆಳ್ಳಗೆ. ಎಳೆದರೆ ತುದಿಯಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಭಾವ ಅದನ್ನು ಬೆಳಗಿನ ಫಿಲ್ಟರ್ ಕಾಫಿಯ ಜೊತೆ ಉದ್ಘಾಟನೆ ಮಾಡಿದರು. ಅವರಿಗೆ ಕಾಫಿ ಲೋಟ ಒಂದು ಕೈಯಲ್ಲಿದ್ದರೆ ಇನ್ನೊಂದು ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ.

ಎಳೆದರು. ಕೆನ್ನೆ ಒಳಗೆ ಹೋಯಿತು. ಇನ್ನೂ ಎಳೆದರು. ಕಣ್ಣು ಹೊರಗೆ ಬಂತು. ದೀಪ ಚೆನ್ನಾಗಿಯೇ ಉರಿಯಿತು, ಹೊಗೆ ಮಾತ್ರ ಲೆಕ್ಕಕ್ಕಿಲ್ಲದಷ್ಟು ಬಂತು.

"ಇದೇನೋ ಇದು? ಎಳೆದೂ ಎಳೆದೂ ದವಡೆ ನೋವು ಬಂತು."

"ಮೆತ್ತಗೆ ಎಳೀಬೇಕು ಭಾವ."

"ಮೆತ್ತಗೆ ಎಳೆದ್ರೆ ಏನೂ ಇಲ್ಲ, ಗಟ್ಟಿಯಾಗಿ ಎಳೆದ್ರೂ ಏನೂ ಇಲ್ಲ. ಇಲ್ಲಿ ನೋಡು."

ಹೊರಗೆ ಹಿಮ ಬಿದ್ದಿತ್ತು. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಭಾವ ಅಲ್ಲಿಗೆ ಹೋಗಿ ನಿಂತು ಬಾಯಿ ಅಗಲಿಸಿ "ಹಾ" ಅಂದರು. ಆ ಚಳಿಗೆ ಬಾಯಿಂದ ದೊಡ್ಡ ಬಿಳೀ ಮೋಡ ಹೊರಟು ಡ್ರೈವ್‌ವೇ ತನಕ ತೇಲಿಕೊಂಡು ಹೋಯಿತು.

"ನೋಡ್ದಾ? ನನ್ನ ಬರೀ ಉಸಿರೇ ನಿನ್ನ ಮೆಷಿನ್‌ಗಿಂತ ವಾಸಿ. ಇದಕ್ಕೆ ಬ್ಯಾಟರಿನೂ ಬೇಡ."

ಹಾಲು ಸೀದ ವಾಸನೆ

ಹೆಚ್ಚಿನ ಪವರಿನದು ಬೇಕು ಅಂತಾಯಿತು. ಆ ವರ್ಷ ಒಂದು ಹೊಸ ಮಾದರಿ ಬಂದಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಪಕ್ಕದಲ್ಲಿ ತಿರುಗಿಸುವ ಪುಟ್ಟ ಗುಂಡಿ. ಮೂರು ವೋಲ್ಟಿನಿಂದ ಆರು ವೋಲ್ಟಿನ ತನಕ ನಮಗೆ ಬೇಕಾದ್ದು ಇಟ್ಟುಕೊಳ್ಳಬಹುದು. ನಾನು ಭಾವನನ್ನು ಕೂರಿಸಿ ಪಾಠ ಮಾಡಿದೆ. "ಕೆಳಗಿಂದ ಶುರುಮಾಡಿ ಭಾವ. ಸ್ವಲ್ಪ ಸ್ವಲ್ಪವೇ ಏರಿಸಿ. ಎಲ್ಲಿ ರುಚಿ ಚೆನ್ನಾಗಿದೆ ಅನಿಸುತ್ತೋ ಅಲ್ಲಿ ನಿಲ್ಲಿಸಿ. ಈ ಸಣ್ಣ ತಂತಿ ಜಾಸ್ತಿ ತಡ್ಕೊಳ್ಳಲ್ಲ, ದ್ರವ ಸೀದುಹೋಗುತ್ತೆ."

"ಆಯ್ತು ಆಯ್ತು," ಅಂದರು ಭಾವ. ಕಾರಿನ ರೇಡಿಯೋ ಹಾಕಿದ ತಕ್ಷಣ ದನಿಯನ್ನು ಪೂರ್ತಿ ಏರಿಸಿ ಆಮೇಲೆ ಹಾಡು ಯಾವುದು ಅಂತ ನೋಡುವ ಮನುಷ್ಯ ಅವರು. ಅದು ನನಗೆ ಆಗ ನೆನಪಾಗಬೇಕಿತ್ತು.

ನಾನು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದೆ. ಗ್ಯಾರೇಜಿನ ಬಾಗಿಲ ಸಂದಿಯಿಂದ ಘಾಟು ಬಂತು. ಮಹಡಿ ಮೇಲಿಂದ ಅಕ್ಕ ದಡದಡ ಇಳಿದುಬಂದಳು. "ಅಯ್ಯೋ, ಹಾಲು! ಹಾಲು ಸೀದುಹೋಯ್ತು! ನೀನೇನೋ ಕಲ್ಲಿನ ಹಾಗೆ ನಿಂತಿದೀಯ?" ಅಂತ ಓಡಿ ಒಲೆಯ ಗುಂಡಿ ತಿರುಗಿಸಿದಳು. ಒಲೆ ಆರಿಯೇ ಇತ್ತು. ಪಾತ್ರೆ ಹುಡುಕಿದಳು. ಪಾತ್ರೆಯೂ ಇಲ್ಲ. ಫ್ರಿಜ್ ತೆಗೆದಳು. ಹಾಲಿನ ಕ್ಯಾನು ಮುಚ್ಚಳ ಸಮೇತ ತಣ್ಣಗೆ ಕೂತಿತ್ತು.

"ಹಾಲು ಇಲ್ಲೇ ಇದೆಯಲ್ಲೋ! ಮತ್ತೆ ಸೀದಿದ್ದೇನು?"

ಗ್ಯಾರೇಜಿನ ಬಾಗಿಲು ತೆರೆಯಿತು. ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸಿಕೊಂಡು, ಒಂದು ಕೈಯಲ್ಲಿ ಎದೆ ಹಿಡಿದುಕೊಂಡು ಭಾವ ನಿಂತಿದ್ದರು. ಗುಂಡಿ ಆರಕ್ಕೆ ತಿರುಗಿತ್ತು. ಇನ್ನೊಂದು ಕೈಯನ್ನು ಶಾಲೆಯ ಹುಡುಗನ ಹಾಗೆ ಮೆಲ್ಲಗೆ ಎತ್ತಿ, ಇಲ್ಲದ ದನಿಯಲ್ಲಿ, "ನಾನೇ ಕಣೇ," ಅಂದರು.

ಅಕ್ಕ ಬೈಯಲಿಲ್ಲ. ನೀರು ಕುಡಿಸಿದಳು, ಬೆನ್ನು ಸವರಿದಳು. ಆಮೇಲೆ ಡಬ್ಬಿಯನ್ನು ತಾನೇ ಕೈಗೆ ತೆಗೆದುಕೊಂಡು, "ಉಕ್ಕಬಾರದು, ಸೀಯಬಾರದು, ಅಷ್ಟೇ ತಾನೇ? ಸಣ್ಣ ಉರಿ ಇಡಬೇಕಪ್ಪ," ಅಂತ ಗುಂಡಿಯನ್ನು ಒಲೆಯ ಗುಂಡಿಯ ಹಾಗೆಯೇ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸಿ ಒಂದು ಕಡೆ ನಿಲ್ಲಿಸಿದಳು. ಭಾವ ಹೆದರಿ ಹೆದರಿ ಎಳೆದರು. ಮುಖ ಅರಳಿತು. ನೋಡಿದರೆ ನಾಲ್ಕೂಕಾಲು ವೋಲ್ಟು. ಆವತ್ತಿನಿಂದ ನಮ್ಮ ಕೌಂಟರಿನಲ್ಲೂ ನಾನು ಅದನ್ನೇ ಹೇಳಿಕೊಡುತ್ತಿದ್ದೆ. ನಮ್ಮಕ್ಕನ ಸಣ್ಣ ಉರಿ ಅಂತ ಮಾತ್ರ ಹೇಳುತ್ತಿರಲಿಲ್ಲ.

ಕೇಸರಿಬಾತಿನ ಕ್ಯೂ

ತಂಬಾಕಿನ ರುಚಿಯ ದ್ರವ ಭಾವನಿಗೆ ಹಿಡಿಸಲಿಲ್ಲ. "ಹಳೇ ಚಾಪೆ ಸುಟ್ಟ ಹಾಗಿದೆ" ಅಂದರು. ಇದ್ದಬದ್ದ ರುಚಿಗಳನ್ನೆಲ್ಲ ಒಂದೊಂದಾಗಿ ತಿರಸ್ಕರಿಸಿ ಕೊನೆಗೆ ಪೈನಾಪಲ್ ಹಿಡಿದುಕೊಂಡರು. ಸಣ್ಣ ಉರಿಯಲ್ಲಿ ಅದರ ಹೊಗೆ ಬಿಟ್ಟರೆ ಥೇಟು ಪೈನಾಪಲ್ ಕೇಸರಿಬಾತು. ತುಪ್ಪವೊಂದು ಕಮ್ಮಿ.

ಆ ಸಲದ ಯುಗಾದಿಗೆ ನಮ್ಮ ಕಡೆಯವರೆಲ್ಲ ಒಂದು ಸ್ಕೂಲಿನ ಹಾಲ್‌ನಲ್ಲಿ ಸೇರಿದ್ದರು. ಮಕ್ಕಳ ಹಾಡು ಮುಗಿದಿತ್ತು. ಕನ್ನಡ ಸಂಘದ ಕಾರ್ಯದರ್ಶಿಗಳು ಭಾಷಣ ಶುರುಮಾಡಿ ಬಹಳ ಹೊತ್ತಾಗಿತ್ತು, ಮುಗಿಸುವ ಲಕ್ಷಣ ಇರಲಿಲ್ಲ. ಭಾವ ಮೆಲ್ಲಗೆ ಎದ್ದು ಹಿಂದಿನ ಬಾಗಿಲ ಹೊರಗೆ ಹೋಗಿ ನಿಂತರು. ಗಾಳಿ ಒಳಮುಖವಾಗಿತ್ತು.

ಮೊದಲು ಕೊನೆಯ ಸಾಲಿನ ಅಂಕಲ್ ಒಬ್ಬರು ಮೂಗು ಎತ್ತಿದರು. ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಆಕೆಯೂ ಮೂಗೆತ್ತಿದರು. "ಬಿಸಿಬಿಸಿ ಕೇಸರಿಬಾತ್ ಬಂದಿದೆ" ಅನ್ನುವ ಸುದ್ದಿ ಸಾಲಿನಿಂದ ಸಾಲಿಗೆ ಮುಂದೆ ಹೋಯಿತು, ಜನ ಹಿಂದೆ ಬಂದರು. ಭಾಷಣ ಮುಗಿಯುವ ಮೊದಲೇ ಊಟದ ಮೇಜಿನ ಮುಂದೆ ಪೇಪರ್ ತಟ್ಟೆ ಹಿಡಿದ ದೊಡ್ಡ ಕ್ಯೂ.

ಅಡುಗೆಯವರು ಗಾಬರಿಯಾದರು. "ಇವತ್ತು ಹೋಳಿಗೆ ಸಾರ್. ಕೇಸರಿಬಾತ್ ಮಾಡೇ ಇಲ್ಲ."

"ವಾಸನೆ ಬರ್ತಿದೆಯಲ್ರೀ!"

"ಕಮಿಟಿಯವರಿಗೆ ಬೇರೆ ಎತ್ತಿಟ್ಟಿರ್ತಾರೆ," ಅಂದರು ಇನ್ನೊಬ್ಬರು. ಅಷ್ಟು ಸಾಕಾಯಿತು. ಗುಜುಗುಜು ಜೋರಾಯಿತು. ಕಾರ್ಯದರ್ಶಿಗಳು ಭಾಷಣ ನಿಲ್ಲಿಸಿ ಮೈಕಿನಲ್ಲಿ, "ಮಹನೀಯರೇ, ಕೇಸರಿಬಾತ್ ಇಲ್ಲ, ದಯವಿಟ್ಟು ಕೂತ್ಕೊಳ್ಳಿ," ಅಂತ ಕೈಮುಗಿದರು. ಇಲ್ಲ ಅಂತ ಮೈಕಿನಲ್ಲಿ ಹೇಳುತ್ತಾರೆ ಅಂದರೆ ಇದ್ದೇ ಇದೆ ಅಂತ ಎಲ್ಲರಿಗೂ ಖಾತ್ರಿಯಾಯಿತು.

ನನಗೆ ವಿಷಯ ಗೊತ್ತಿತ್ತಲ್ಲ, ಭಾವನನ್ನು ಎಳೆದುಕೊಂಡು ಬರೋಣ ಅಂತ ಹೊರಗೆ ಓಡಿದೆ. ಅಲ್ಲಿರಲಿಲ್ಲ. ತಿರುಗಿ ಬಂದು ನೋಡಿದರೆ ಡಬ್ಬಿ ಜೇಬಿಗಿಟ್ಟು, ತಟ್ಟೆ ಹಿಡಿದು, ಕ್ಯೂನ ಕೊನೆಯಲ್ಲಿ ನಿಂತಿದ್ದಾರೆ.

"ಭಾವ, ಆ ವಾಸನೆ ನಿಮ್ಮದೇ!"

"ಇರಬಹುದು ಕಣೋ," ಅಂದರು, ಜಾಗ ಬಿಡದೆ. "ಆದ್ರೂ ಇಷ್ಟು ಜನ ನಿಂತಿದಾರೆ ಅಂದ್ಮೇಲೆ ಏನಾದ್ರೂ ಇರುತ್ತೆ."

ಚಟ್ನಿ ಇಲ್ಲದ ಭಾನುವಾರ

ಇಷ್ಟೆಲ್ಲ ಆದರೂ ಒಂದು ಸಿಗರೇಟು ಉಳಿದೇಬಿಟ್ಟಿತ್ತು. ಬೆಳಗಿನ ಕಾಫಿಯ ಮೇಲಿನದು. ಮಿಕ್ಕಿದ್ದೆಲ್ಲ ಬಿಟ್ಟರು, ಅದೊಂದು ಬಿಡಲಾಗಲಿಲ್ಲ. "ಡಬ್ಬಿ ಚೆನ್ನಾಗಿದೆ, ಆದ್ರೆ ಕಾಫಿಯ ಮುಂದೆ ನಿಲ್ಲಲ್ಲ ಕಣೋ, ಪವರ್ ಸಾಲದು," ಅನ್ನುತ್ತಿದ್ದರು. ಮಗಳಿಗೆ ಸುಳ್ಳು ಹೇಳುವ ಮನುಷ್ಯ ಅಲ್ಲ. ಅವಳು ಫೋನಿನಲ್ಲಿ "ಡ್ಯಾಡ್, ಝೀರೋ?" ಅಂತ ಕೇಳಿದಾಗಲೆಲ್ಲ "ಆಲ್ಮೋಸ್ಟ್ ಅಮ್ಮ" ಅನ್ನುವರು. ಅವಳು ಅಮ್ಮನಿಗೆ ಫೋನ್ ಕೊಡಿ ಅನ್ನುವಳು. ಹೆರಿಗೆಯ ದಿನ ಹತ್ತಿರ ಬರುತ್ತಿತ್ತು. ಅಕ್ಕ ಬಾಯಿ ಬಿಟ್ಟು ಹೇಳದಿದ್ದರೂ ಒಳಗೊಳಗೇ ಕೊರಗುತ್ತಿದ್ದಳು.

ಆಮೇಲೊಂದು ಭಾನುವಾರ ನಮ್ಮನ್ನೆಲ್ಲ ಇಡ್ಲಿಗೆ ಕರೆದಿದ್ದಳು. ಕಾಯಿ ತುರಿದು ಮಿಕ್ಸಿಗೆ ಹಾಕಿ ನೋಡಿದರೆ ಟ್ರಾನ್ಸ್‌ಫಾರ್ಮರ್ ಇಲ್ಲ.

ಈ ಟ್ರಾನ್ಸ್‌ಫಾರ್ಮರ್ ಇಲ್ಲಿ ನಮ್ಮವರ ಮನೆಗಳಲ್ಲಿ ಮನೆದೇವರಿದ್ದ ಹಾಗೆ. ಮಿಕ್ಸಿ ಊರಿನದೇ ಆಗಬೇಕು, ಇಲ್ಲಿಯದರಲ್ಲಿ ಚಟ್ನಿ ನುಣ್ಣಗಾಗುವುದಿಲ್ಲ. ಊರಿನ ಮಿಕ್ಸಿಗೆ ಇನ್ನೂರಿಪ್ಪತ್ತು ವೋಲ್ಟು ಬೇಕು, ಇಲ್ಲಿಯ ಗೋಡೆ ಕೊಡುವುದು ನೂರಾಹತ್ತು ಚಿಲ್ಲರೆ. ಅದಕ್ಕೆ ಮಧ್ಯೆ ಒಂದು ಕಬ್ಬಿಣದ ಪೆಟ್ಟಿಗೆ. ಅದನ್ನು ಎತ್ತಿದರೆ ಸೊಂಟ ಹಿಡಿಯುತ್ತದೆ, ಯಾರೂ ಅದನ್ನು ಜಾಗ ಬಿಟ್ಟು ಕದಲಿಸುವುದಿಲ್ಲ. ಅಂಥದ್ದು ಮಾಯವಾಗಿದೆ ಅಂದರೆ ಹುಡುಗಾಟವೇ! ಅಕ್ಕ ಮನೆಯೆಲ್ಲ ಹುಡುಕಿ ಕೊನೆಗೆ ಗ್ಯಾರೇಜಿನ ಬಾಗಿಲು ತೆಗೆದಳು. ನಾನು ಹಿಂದೆಯೇ ಇದ್ದೆ.

ಭಾವನ ಕುರ್ಚಿಯ ಪಕ್ಕ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಿತ್ತು. ಅದಕ್ಕೆ ಪುಟ್ಟ ಚಾರ್ಜರು. ಚಾರ್ಜರಿಗೆ ಡಬ್ಬಿ.

"ಬಾರೋ ಇಂಜಿನಿಯರು, ನೀನೇ ಕಂಡುಹಿಡೀಬೇಕಿತ್ತು ಇದನ್ನ," ಅಂದರು ಭಾವ, ಬಹಳ ಖುಷಿಯಲ್ಲಿ. "ಇಲ್ಲಿ ಕರೆಂಟೇ ಅರ್ಧ. ಅರ್ಧ ಕರೆಂಟಲ್ಲಿ ಚಾರ್ಜ್ ಮಾಡಿದ್ರೆ ಅದು ಅರ್ಧ ಪವರ್ ಕೊಡುತ್ತೆ. ಮಿಕ್ಸಿ ನೆನಪಾಯ್ತು. ಇನ್ನೂರಿಪ್ಪತ್ತು ಕೊಟ್ಟು ನೋಡ್ದೆ. ಏನ್ ಹೇಳ್ಲಿ! ಕಾಲೇಜಿನ ದಿನಗಳಲ್ಲಿ ಸೇದ್ತಿದ್ದ ಸಿಗರೇಟು ನೆನಪಾಯ್ತು."

ನನ್ನ ಪಿತ್ತ ನೆತ್ತಿಗೇರಿತು. ಆ ಚಾರ್ಜರಿಗೆ ನೂರು ಕೊಟ್ಟರೂ ಇನ್ನೂರ ನಲವತ್ತು ಕೊಟ್ಟರೂ ಆಚೆಯಿಂದ ಬರುವುದು ಅದೇ ಐದು ವೋಲ್ಟು. ಅದರ ಬೆನ್ನ ಮೇಲೇ ಬರೆದಿರುತ್ತದೆ. ಮೊದಲ ವರ್ಷದ ಹುಡುಗನೂ ಹೇಳುತ್ತಾನೆ. "ಭಾವ, ಸ್ವಲ್ಪ ಕೇಳಿ," ಅಂತ ಬಾಯಿ ತೆಗೆದೆ.

"ಸೋಮವಾರದಿಂದ ಒಂದೂ ಸೇದಿಲ್ಲ ಕಣೋ," ಅಂದರು ಭಾವ. "ಕಾಫಿ ಮೇಲಿಂದೂ ಇಲ್ಲ. ಬೇಕು ಅಂತಾನೇ ಅನಿಸಿಲ್ಲ."

ಅಕ್ಕ ಹಿಂದಿನಿಂದ ನನ್ನ ತೋಳನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ಚಿಕ್ಕಂದಿನಲ್ಲೂ ಹಾಗೆ ಚಿವುಟಿರಲಿಲ್ಲ.

"ಸರಿ ತಾನೇ ನಾನು ಹೇಳಿದ್ದು? ನೀನು ಓದಿದೋನು, ಹೇಳು."

ಅಕ್ಕನ ಮುಖ ನೋಡಿದೆ. ಕಣ್ಣು ತುಂಬಿತ್ತು. ನನ್ನ ಮೇಷ್ಟರುಗಳಿಗೆಲ್ಲ ಮನಸ್ಸಿನಲ್ಲೇ ಕೈಮುಗಿದು, "ನೂರಕ್ಕೆ ನೂರು ಸರಿ ಭಾವ," ಅಂದೆ. "ಥಿಯರಿನೇ ಅದು."

ಆವತ್ತು ಇಡ್ಲಿಗೆ ಚಟ್ನಿಪುಡಿಯೇ ಗತಿ. ಯಾರೋ ಚಟ್ನಿ ಕೇಳಿದ್ದಕ್ಕೆ ಅಕ್ಕ, "ಚಟ್ನಿ ಮನೆ ಹಾಳಾಗ ಹೋಗ್ಲಿ, ತಿನ್ನಿ," ಅಂದಳು, ಮುಖದ ತುಂಬ ನಗು ಇಟ್ಟುಕೊಂಡು.

ಭಾವನಿಗೆ ಒಂದು ವಿಷಯ ಗೊತ್ತಾದರೆ ಊರಿಗೆಲ್ಲ ಗೊತ್ತಾದ ಹಾಗೆ. ಮುಂದಿನ ವಾರ ಕೌಂಟರಿಗೆ ಹುಬ್ಬಳ್ಳಿ ಆಂಟಿ ಮತ್ತೆ ಬಂದರು. ಈ ಸಲ ಮುಖದಲ್ಲಿ ಬಹಳ ಭರವಸೆ ಇತ್ತು.

"ಇನ್ನೂರಾ ಇಪ್ಪತ್ತರದ್ದು ಬಂದೈತಂತಲ್ರಿ. ಅದು ಹೊಡಿತಿರಬೇಕಲಾ?"

ಹಿಕ್ಸ್‌ವಿಲ್ಲಿನ ನಾಮಕರಣ

ಹೆಣ್ಣುಮಗು ಹುಟ್ಟಿತು. ಅಕ್ಕ ಆಫೀಸಿಗೆ ರಜೆ ಹಾಕಿದಳು. ಅಕ್ಕ ಭಾವ ಇಬ್ಬರನ್ನೂ ನಾನೇ ಕಾರಿನಲ್ಲಿ ಹಿಕ್ಸ್‌ವಿಲ್ಲಿಗೆ ಕರೆದುಕೊಂಡು ಹೋದೆ. ಬಾಣಂತನ ಅಂದಮೇಲೆ ಮೆಣಸು, ಜೀರಿಗೆ, ಕೊಬ್ಬರಿ, ಒಣಶುಂಠಿ ಎಲ್ಲ ಪುಡಿಯಾಗಬೇಕು. ಅದಕ್ಕೆ ಮಿಕ್ಸಿ ಹೊರಟಿತು. ಮಿಕ್ಸಿಯ ಹಿಂದೆ ಟ್ರಾನ್ಸ್‌ಫಾರ್ಮರ್ ಹೊರಟಿತು. ಟ್ರಾನ್ಸ್‌ಫಾರ್ಮರನ್ನು ಭಾವ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿ, ಪಕ್ಕದಲ್ಲಿ ತಾವು ಕೂತರು. ಸೇತುವೆಯ ಟ್ರಾಫಿಕ್ಕಿನಲ್ಲಿ ಕನ್ನಡಿಯಲ್ಲಿ ನೋಡಿದೆ. ತಮ್ಮ ಅಂಗೈ ಮೂಸಿ ನೋಡಿಕೊಳ್ಳುತ್ತಿದ್ದರು.

ಮಗಳು ಬಾಗಿಲಲ್ಲೇ ಪರೀಕ್ಷೆಗೆ ನಿಂತಳು. ಅಪ್ಪನ ಎರಡೂ ಕೈ ಮೂಸಿದಳು. ಕಾಲರ್ ಮೂಸಿದಳು. ಮೀಸೆ ಮೂಸಿದಳು. ಭಾವ ವೀಸಾ ಕೌಂಟರಿನ ಮುಂದೆ ನಿಂತವರ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದರು.

"ಝೀರೋ?"

"ಝೀರೋ ಅಮ್ಮ."

"ಡ್ಯಾಡ್, ಯೂ ಸ್ಮೆಲ್ ಲೈಕ್ ಕೇಸರಿಬಾತ್," ಅಂದಳು. ಅಷ್ಟು ಅಂದು ಅತ್ತುಬಿಟ್ಟಳು. ಅಳುತ್ತಲೇ ಒಳಗೆ ಹೋಗಿ ಮಗುವನ್ನು ತಂದು ಅವರ ಕೈಗಿಟ್ಟಳು. ಭಾವ ಅತ್ತರು, ಅಕ್ಕ ಅತ್ತಳು. ನಾನು ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಹೊಸಿಲ ಮೇಲೆ ನಿಂತಿದ್ದೆ, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮತ್ತೆ ನಾನು ಹೋಗಿದ್ದು ಒಂದೂವರೆ ತಿಂಗಳ ಮೇಲೆ, ನಾಮಕರಣಕ್ಕೆ. ಭಾವ ಸೋಫಾದಲ್ಲಿ ಮೊಮ್ಮಗಳನ್ನು ಭುಜಕ್ಕೆ ಹಾಕಿಕೊಂಡು ಕೂತಿದ್ದರು. ಅಡುಗೆಮನೆಯಲ್ಲಿ ಮಿಕ್ಸಿ ಗರಗರ ಅನ್ನುತ್ತಿತ್ತು. ಫ್ರಿಜ್ಜಿನ ಮೇಲೆ ಚಾರ್ಜರಿನ ಪಕ್ಕ ಆ ಡಬ್ಬಿ ಬಿದ್ದಿತ್ತು, ಮೇಲೆ ತೆಳ್ಳಗೆ ಹಿಟ್ಟಿನ ಧೂಳು. ಗುಂಡಿ ತಿರುಗಿಸಿ ನೋಡಿದೆ. ಸತ್ತುಹೋಗಿತ್ತು.

"ಭಾವ, ಇದನ್ನ ಚಾರ್ಜ್ ಮಾಡಿಲ್ವಾ?"

"ಎಲ್ಲಿ ಮಾಡ್ಲಿ ಕಣೋ?" ಅಂದರು, ಮಗು ಏಳದ ಹಾಗೆ ಪಿಸುದನಿಯಲ್ಲಿ. "ಬಂದ ವಾರದಲ್ಲೇ ಖಾಲಿ ಆಯ್ತು. ಟ್ರಾನ್ಸ್‌ಫಾರ್ಮರ್ ಬಿಡುವಿದ್ರೆ ತಾನೇ? ನಿಮ್ಮಕ್ಕ ಹೊತ್ತುಹೊತ್ತಿಗೂ ಅರೀತಾನೇ ಇರ್ತಾಳೆ. ಅವಳು ಅರೆಯೋದು ನಿಲ್ಸಿದ ತಕ್ಷಣ ಇವಳು ಎದ್ದುಬಿಡ್ತಾಳೆ. ಮಿಕ್ಸಿ ಸದ್ದಿದ್ರೇನೇ ಇವಳಿಗೆ ನಿದ್ದೆ. ಎತ್ಕೋಬೇಕು, ಓಡಾಡ್ಬೇಕು. ಚಾರ್ಜ್ ಮಾಡೋಕೆ ಹೊತ್ತೆಲ್ಲಿದೆ?"

"ಗೋಡೆಗೆ..." ಅಂದವನು ತುಟಿ ಕಚ್ಚಿಕೊಂಡೆ.

"ಗೋಡೆಗಾ? ನೂರಾಹತ್ತರಲ್ಲಾ? ಥೂ! ಅದಕ್ಕಿಂತ ಸುಮ್ನಿರೋದು ವಾಸಿ."

ಅಂದರೆ ಅಷ್ಟು ದಿನದಿಂದ ಈ ಮನುಷ್ಯ ಸಿಗರೇಟೂ ಇಲ್ಲದೆ, ಡಬ್ಬಿಯೂ ಇಲ್ಲದೆ, ಏನೂ ಇಲ್ಲದೆ ಇದ್ದಾರೆ. ಅದು ಅವರಿಗೇ ಗೊತ್ತಿಲ್ಲ! ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಬಾಯಿಗೆ ಬೆರಳಿಟ್ಟು ತೋರಿಸಿದಳು. ನಾನು ತಲೆಯಾಡಿಸಿದೆ. ಇಬ್ಬರಿಗೂ ಎದೆ ತುಂಬಿ ಬಂದಿತ್ತು.

ನಮ್ಮ ಅಳಿಯನನ್ನು, ಮಗುವಿನ ಅಪ್ಪನನ್ನು, ನಾವಿಬ್ಬರೂ ಮರೆತಿದ್ದೆವು. ಬೆಂಗಳೂರಿನ ಹುಡುಗ, ಇಲ್ಲಿ ಡಾಕ್ಟರು. ಬಹಳ ಒಳ್ಳೆಯವನು, ಆದರೆ ಕೈಗೆ ಏನು ಸಿಕ್ಕಿದರೂ ಲೇಬಲ್ ಓದುವ ಅಭ್ಯಾಸ. ಹಾಲಿನ ಪುಡಿಯ ಡಬ್ಬ ಸಿಕ್ಕಿದರೂ ಓದುತ್ತಾನೆ, ಒಂದೇ ಥರದ ಎರಡು ಡಬ್ಬ ಸಿಕ್ಕಿದರೆ ಎರಡನ್ನೂ ಓದುತ್ತಾನೆ. ಹೂವಿನ ಹಾರ ಇಡಲು ಜಾಗ ಮಾಡುತ್ತಾ ಫ್ರಿಜ್ಜಿನ ಮೇಲಿದ್ದ ಚಾರ್ಜರು ತೆಗೆದವನು ಬೆಳಕಿಗೆ ಹಿಡಿದ.

"ಮಾವ, ಇದರ ಮೇಲೆ ನೂರರಿಂದ ಇನ್ನೂರ ನಲವತ್ತು ವೋಲ್ಟ್ ಅಂತ ಬರೆದಿದೆಯಲ್ಲ! ಟ್ರಾನ್ಸ್‌ಫಾರ್ಮರೇ ಬೇಡ. ಗೋಡೆಗೆ ಹಾಕಿದ್ರೂ ಒಂದೇ, ಎಲ್ಲಿ ಹಾಕಿದ್ರೂ ಒಂದೇ."

ಅಕ್ಕನ ಕೈಯಿಂದ ಸೌಟು ಜಾರಿ ನೆಲಕ್ಕೆ ಬಿತ್ತು. ನಾನು ಸುಮ್ಮಸುಮ್ಮನೆ ಕೆಮ್ಮಲು ಶುರುಮಾಡಿದೆ. ಮಿಕ್ಸಿ ಬೇರೆ ಆಗಲೇ ನಿಂತಿತು.

ಭಾವ ಕೈ ಚಾಚಿ ಚಾರ್ಜರು ಇಸಿದುಕೊಂಡರು. ಕನ್ನಡಕವಿಲ್ಲದೆ ದೂರ ಹಿಡಿದು, ಹತ್ತಿರ ಹಿಡಿದು, ನಿಧಾನವಾಗಿ ಓದಿದರು. ಆಮೇಲೆ ನನ್ನನ್ನು ನೋಡಿದರು. ನಾನು ಸೂರು ನೋಡಿದೆ. ಅಕ್ಕನನ್ನು ನೋಡಿದರು. ಅವಳು ಸೌಟು ಹುಡುಕುತ್ತಿದ್ದಳು. ಭುಜದ ಮೇಲೆ ಮಗು ಮಿಸುಕಿ, ಅವರ ಕಾಲರನ್ನು ಪುಟ್ಟ ಮುಷ್ಟಿಯಲ್ಲಿ ಹಿಡಿದುಕೊಂಡು ಮತ್ತೆ ಮಲಗಿತು. ಭಾವ ಅದರ ಬೆನ್ನು ತಟ್ಟಿದರು. ಮೀಸೆಯ ಸಂದಿಯಲ್ಲಿ ಸಣ್ಣಗೆ ನಗು ಕಂಡಿತೋ, ಅದು ನನ್ನ ಭ್ರಮೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಚಾರ್ಜರನ್ನು ಅಳಿಯನ ಕೈಗೇ ವಾಪಸ್ಸು ಕೊಟ್ಟರು.

"ಬರೆದಿರ್ತಾರಪ್ಪ," ಅಂದರು. "ನನ್ನ ಆಫೀಸಲ್ಲಿ ಎಲ್ಲದರ ಮೇಲೂ ಟ್ರಿಪಲ್ ಎ ಅಂತ ಬರೆದಿದ್ರು."